ಸ್ಟ್ಯಾಂಡ್‌ಅಪ್ ಜೆಟ್ ಸ್ಕೀ: ಸವೆದದ್ದು ಸ್ಪ್ಲೈನೋ, ಇಂಪೆಲ್ಲರೋ?

ಪಣಂಬೂರಿನ ಸವಾರ: ಮಾನ್ಯರೇ, ಮಳೆಗಾಲ ಮುಗಿದು ಜೆಟ್ ಸ್ಕೀಯನ್ನು (ನಿಂತು ಓಡಿಸುವ ನೀರಿನ ಸ್ಕೂಟರ್) ನೀರಿಗಿಳಿಸಿದ ಮೇಲೆ, ಥ್ರಾಟಲ್ ಒತ್ತಿದೊಡನೆ ಎಂಜಿನ್ ಅಬ್ಬರಿಸುತ್ತದೆಯೇ ಹೊರತು ಸ್ಕೀ ಮುಂದಕ್ಕೆ ನುಗ್ಗುವುದಿಲ್ಲ. ಎಂಜಿನ್ನಿನ ತಿರುಗುವಿಕೆಯನ್ನು ಪಂಪಿಗೆ ಒಯ್ಯುವ ಡ್ರೈವ್‌ಶಾಫ್ಟಿನ ಸ್ಪ್ಲೈನ್ (ತುದಿಯ ಹಲ್ಲುಗಳು) ಸವೆದಿದೆಯೇ ಎಂದು ತಿಳಿಯುವುದು ಹೇಗೆ?

ಮಲ್ಪೆಯ ಮೆಕ್ಯಾನಿಕ್: ಇಂಪೆಲ್ಲರ್ (ಪಂಪಿನೊಳಗೆ ನೀರನ್ನು ಹಿಂದಕ್ಕೆ ತಳ್ಳುವ ರೆಕ್ಕೆಚಕ್ರ) ಅಥವಾ ವೇರ್ ರಿಂಗ್ (ಅದನ್ನು ಸುತ್ತುವರಿದ ಬಳೆ) ಸವೆದಿದ್ದರೆ ನಿಧಾನ ವೇಗದಲ್ಲಿ ತಳ್ಳುವ ಬಲ ಉಳಿದಿರುತ್ತದೆ, ಸ್ಪ್ಲೈನಿನ ಹಲ್ಲುಗಳು ಪೂರ್ತಿ ಉಜ್ಜಿಹೋಗಿದ್ದರೆ ಯಾವ ವೇಗದಲ್ಲೂ ಬಲ ಸಿಗದು. ಅರ್ಧ ಸವೆದ ಹಲ್ಲು ಮಾತ್ರ ಹೀಗೆ ಪತ್ತೆಯಾಗುವುದಿಲ್ಲವಾದ್ದರಿಂದ ಪಂಪ್ ಕಳಚಲೇಬೇಕು. ಹಲ್ಲುಗಳ ತುದಿ ಚೂಪಾಗಿದ್ದರೆ, ಒಂದು ಬದಿಯಲ್ಲಿ ಮೆಟ್ಟಿಲಿನಂತೆ ತಗ್ಗು ಬಿದ್ದಿದ್ದರೆ, ಕೆಂಗಂದು ಪುಡಿ ಅಂಟಿದ್ದರೆ ಅದು ಸವೆತವೇ. ಶಾಫ್ಟಿನ ಹಲ್ಲುಗಳು ಕೂರುವ ಇಂಪೆಲ್ಲರಿನ ಒಳಹಲ್ಲುಗಳನ್ನೂ ದಯವಿಟ್ಟು ಪರೀಕ್ಷಿಸಿ. ಅವು ಹಾಳಾಗಿದ್ದಾಗ ಶಾಫ್ಟ್ ಒಂದನ್ನೇ ಬದಲಿಸಿದರೆ ಹೊಸದೂ ಬೇಗನೆ ಕೆಡುತ್ತದೆ.

ಉಡುಪಿಯ ಸದಸ್ಯ: ಮೂಲ ಕಾರಣವನ್ನೂ ಹುಡುಕಬೇಕು. ಎಂಜಿನ್ ಮತ್ತು ಪಂಪ್ ಒಂದೇ ನೇರದಲ್ಲಿಲ್ಲದಿದ್ದರೆ ಹಲ್ಲುಗಳು ಪ್ರತಿ ಸುತ್ತಿನಲ್ಲೂ ಒಂದಕ್ಕೊಂದು ಉಜ್ಜುತ್ತವೆ. ಎಂಜಿನ್ನನ್ನೂ ಶಾಫ್ಟನ್ನೂ ಜೋಡಿಸುವ ಕಪ್ಲರಿನ ಎರಡು ಭಾಗಗಳ ಮೇಲೆ ನೇರ ಪಟ್ಟಿಯಿಟ್ಟು ನೋಡಿ, ಅಂತರ ಕಂಡರೆ ಎಂಜಿನ್ ಕೂರುವ ಮೌಂಟಿನಡಿ ಶಿಮ್ (ತೆಳು ಬಿಲ್ಲೆ) ಸೇರಿಸಿ ಸರಿಪಡಿಸಿ. ನಡುವಿನ ರಬ್ಬರ್ ಹರಿದಿದ್ದರೆ ಬದಲಿಸಿ. ನಮ್ಮ ಕಡಲಿನ ಉಪ್ಪುನೀರಿಗೆ ಸಾಮಾನ್ಯ ಗ್ರೀಸ್ ಸಾಲದು, ನೀರಿಗೆ ಕರಗದ ಮರೈನ್ ಗ್ರೀಸನ್ನೇ ತೆಳುವಾಗಿ ಹಚ್ಚಿ.

ಪಣಂಬೂರಿನ ಸವಾರ: ಪಂಪ್ ಬಿಚ್ಚಿದೆ, ಪುಡಿಯೂ ಇದೆ, ಮೆಟ್ಟಿಲೂ ಇದೆ. ಶಾಫ್ಟ್, ಇಂಪೆಲ್ಲರ್ ಎರಡನ್ನೂ ಬದಲಿಸುತ್ತೇನೆ.