ಡಿಟರ್ಮಿನಿಸಂಗೆ ಯಾವ ಪದ: ‘ಹಣೆಬರಹ’, ‘ನಿಯತಿ’, ಬೇರೆ ಏನಾದರೂ?

ಎಲ್ಲರಿಗೂ ನಮಸ್ಕಾರ.

ಪಿಯುಸಿ ಮಕ್ಕಳಿಗಾಗಿ ತತ್ವಶಾಸ್ತ್ರದ ಒಂದು ಪಾಠ ಬರೆಯುತ್ತಿದ್ದೇನೆ. ಆಗುವುದೆಲ್ಲ ಹಿಂದಿನ ಕಾರಣಗಳಿಂದಲೇ ತೀರ್ಮಾನವಾಗಿದ್ದರೆ, ಅರ್ಥ, ಮೌಲ್ಯ ಇವೆಲ್ಲ ನಮ್ಮ ಮನಸ್ಸಿನಲ್ಲಿ ಹುಟ್ಟಲು ಸಾಧ್ಯವೇ ಅನ್ನೋದು ಅದರ ಪ್ರಶ್ನೆ. ಎಲ್ಲವೂ ಹೀಗೆ ಹಿಂದಿನ ಕಾರಣಗಳಿಂದಲೇ ತೀರ್ಮಾನವಾಗಿದೆ ಎನ್ನುವ ವಾದಕ್ಕೆ, ಅಂದರೆ ಡಿಟರ್ಮಿನಿಸಂಗೆ, ಕನ್ನಡದಲ್ಲಿ ಯಾವ ಪದ ಬಳಸಲಿ ಎಂದು ತಿಳಿಯುತ್ತಿಲ್ಲ.

‘ಹಣೆಬರಹ’ ಖಂಡಿತ ಬೇಡ. ಅಲ್ಲಿ ಬರೆದವನೊಬ್ಬ ಇದ್ದಾನೆ, ಏನೇ ಮಾಡಿದರೂ ಆಗೋದು ಆಗಿಯೇ ತೀರುತ್ತದೆ. 1814ರಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಹೇಳಿದ್ದು ಬೇರೆ. ಈ ಕ್ಷಣದ ಎಲ್ಲ ವಸ್ತುಗಳ ನೆಲೆ, ಎಲ್ಲ ಬಲಗಳು ಒಂದು ಬುದ್ಧಿಗೆ ಗೊತ್ತಿದ್ದರೆ, ಮುಂದಿನದೆಲ್ಲ ಅದರ ಲೆಕ್ಕಕ್ಕೆ ಸಿಗುತ್ತದೆ. ಇಲ್ಲಿ ಬರೆದವರು ಯಾರೂ ಇಲ್ಲ. ನಾನು ಯೋಚಿಸುವುದೂ ಆ ಸರಪಳಿಯ ಕೊಂಡಿಯೇ. ಆ ಕೊಂಡಿ ಇಲ್ಲದಿದ್ದರೆ ಮುಂದಿನದು ಬೇರೆಯಾಗುತ್ತದೆ.

‘ನಿಯತಿ’ ಚೆಂದದ ಪದ. ಆದರೆ ಅದು ಆಗಲೇ ಆಜೀವಿಕರೆಂಬ ಹಳೆಯ ಪಂಥದವರದ್ದು. ಅವರ ಗುರು, ಬುದ್ಧನ ಕಾಲದ ಮಕ್ಖಲಿ ಗೋಸಾಲನ ಮಾತು ಬೌದ್ಧರ ಗ್ರಂಥವಾದ ದೀಘನಿಕಾಯದಲ್ಲಿದೆ: ಎಸೆದ ನೂಲಿನ ಉಂಡೆ ದಾರ ಮುಗಿಯುವವರೆಗೂ ಬಿಚ್ಚಿಕೊಳ್ಳುವ ಹಾಗೆ, ದಡ್ಡನೂ ಜಾಣನೂ ತಮ್ಮ ಅಲೆದಾಟ ಮುಗಿದ ಮೇಲೆಯೇ ದುಃಖದಿಂದ ಪಾರಾಗುತ್ತಾರೆ. ದುಡಿದು, ಒದ್ದಾಡಿ ಪ್ರಯೋಜನವಿಲ್ಲ. (ಇದು ಎದುರಾಳಿಗಳು ಬರೆದಿಟ್ಟದ್ದು. ಆಜೀವಿಕರ ಸ್ವಂತ ಗ್ರಂಥ ಒಂದೂ ಉಳಿದಿಲ್ಲ, ಅದೊಂದು ದೊಡ್ಡ ನಷ್ಟ.) ಮನಸ್ಸಿಗೆ ಕೆಲಸವೇ ಇಲ್ಲದ ಈ ಪದ ಹಾಕಿದರೆ, ಪ್ರಶ್ನೆ ಕೇಳುವ ಮೊದಲೇ ‘ಇಲ್ಲ’ ಎಂದು ಉತ್ತರ ಕೊಟ್ಟ ಹಾಗಲ್ವಾ?

ಎಲ್ಲಕ್ಕೂ ಕಾರಣಗಳಿದ್ದರೂ ಅರ್ಥ, ಮೌಲ್ಯ ನಮ್ಮ ಮನಸ್ಸಿನಲ್ಲಿ ಹುಟ್ಟಬಹುದು ಅಂತ ನನ್ನ ನಂಬಿಕೆ. ನೋಟು ರದ್ದಾದ 2016ರ ನವೆಂಬರ್ 8ರ ರಾತ್ರಿ ನೆನೆಸಿಕೊಳ್ಳಿ. ಸಾವಿರದ ನೋಟಿನ ಕಾಗದ ಅದೇ, ಶಾಯಿ ಅದೇ, ಗಾಂಧಿ ಚಿತ್ರವೂ ಅದೇ. ಬೆಳಗ್ಗೆ ಕಿರಾಣಿ ಅಂಗಡಿಯಲ್ಲಿ ಅದು ನಡೆಯಲಿಲ್ಲ. ಬೆಲೆ ಇದ್ದದ್ದು ಕಾಗದದಲ್ಲಲ್ಲ, ನಾವೆಲ್ಲ ಒಪ್ಪಿಕೊಂಡಿದ್ದರಲ್ಲಿ. ಆ ಒಪ್ಪಿಗೆಗೂ ಕಾರಣಗಳಿದ್ದವು, ಅದು ಮುರಿದದ್ದಕ್ಕೂ ಕಾರಣಗಳಿದ್ದವು. ಹಾಗಂತ ಬೆಲೆ ಸುಳ್ಳಾಗಿರಲಿಲ್ಲ. ಬ್ಯಾಂಕಿನ ಮುಂದೆ ಸಾಲು ನಿಂತವರನ್ನು ಕೇಳಿ ನೋಡಿ.

ಸದ್ಯಕ್ಕೆ ‘ಕಾರಣನಿಯಮವಾದ’ ಎಂದು ಬರೆದುಕೊಂಡಿದ್ದೇನೆ. ಸ್ವಲ್ಪ ಉದ್ದವಾಯಿತು, ಮಕ್ಕಳ ಬಾಯಲ್ಲಿ ನಿಲ್ಲುತ್ತದೋ ಇಲ್ಲವೋ.

ಇನ್ನೊಂದು. ‘ಮೌಲ್ಯ ಹುಟ್ಟುತ್ತದೆ’ ಎಂದರೆ ಕಿವಿಗೆ ಹಿತವಿಲ್ಲ. ನಮ್ಮಲ್ಲಿ ಬೆಲೆ ‘ಬರುತ್ತದೆ’, ಬೆಲೆ ‘ಕೊಡುತ್ತೇವೆ’, ಬೆಲೆ ‘ಕಟ್ಟುತ್ತೇವೆ’. ‘ಬರುತ್ತದೆ’ ಎಂದರೆ ಎಲ್ಲಿಂದಲೋ ಬಂತು ಎಂದಾಗುತ್ತದೆ. ‘ಕಟ್ಟುತ್ತೇವೆ’ಯಲ್ಲಿ ವ್ಯಾಪಾರ ಜಾಸ್ತಿ. ‘ಕೊಡುತ್ತೇವೆ’ ನನಗೆ ಹಿಡಿಸಿದೆ, ಕೊಡುವವರು ನಾವೇ ಎಂದು ಅದರಲ್ಲಿ ಸ್ಪಷ್ಟವಾಗಿದೆ. ನಿಮಗೆ ಹೇಗೆ ಕಾಣುತ್ತದೆ? ‘ಕಾರಣನಿಯಮವಾದ’ಕ್ಕಿಂತ ಚಿಕ್ಕ, ಬಳಕೆಯ ಪದ ನಿಮ್ಮ ಕಡೆ ಇದ್ದರೆ ಅದನ್ನೂ ದಯವಿಟ್ಟು ತಿಳಿಸಿ.