ಅಮೆರಿಕದ ವಿಶ್ವವಿದ್ಯಾಲಯದಿಂದ ಪೋಸ್ಟ್‌ಡಾಕ್ ಆಹ್ವಾನ: ಜೆ-1 ಅಥವಾ ಎಚ್‌-1ಬಿ, ತೀರ್ಮಾನ ಯಾರದ್ದು?

ಪ್ರಶ್ನೆ: ಶಾಲ್ಮಲಾ

ನಮಸ್ಕಾರ. ಭತ್ತದ ಬೆಂಕಿ ರೋಗಕ್ಕೆ ಕಾರಣವಾಗುವ ಶಿಲೀಂಧ್ರದ ಕುರಿತು ಬೆಂಗಳೂರಿನಲ್ಲಿ ಪಿಎಚ್‌.ಡಿ. ಮುಗಿಸಿದ್ದೇನೆ. ಅಮೆರಿಕದ ಮಧ್ಯಪಶ್ಚಿಮ ಭಾಗದ ಸರ್ಕಾರಿ ವಿಶ್ವವಿದ್ಯಾಲಯವೊಂದರ ಪ್ರಯೋಗಾಲಯದಿಂದ ಎರಡು ವರ್ಷಗಳ ಪೋಸ್ಟ್‌ಡಾಕ್ (ಪಿಎಚ್‌.ಡಿ. ನಂತರದ ಸಂಶೋಧನಾ) ಹುದ್ದೆಗೆ ಆಹ್ವಾನ ಬಂದಿದೆ. ನೇಮಕಾತಿ ಪತ್ರದಲ್ಲಿ ಸಂಬಳ, ವಿಮೆ, ಕೆಲಸಕ್ಕೆ ಸೇರಬೇಕಾದ ದಿನ ಎಲ್ಲವೂ ಸ್ಪಷ್ಟವಾಗಿವೆ. ವೀಸಾದ ಬಗ್ಗೆ ಮಾತ್ರ ಸೂಕ್ತ ವರ್ಗವನ್ನು ತಮ್ಮ ಅಂತರರಾಷ್ಟ್ರೀಯ ಕಚೇರಿ ನಿರ್ಧರಿಸುತ್ತದೆ ಎಂಬ ಒಂದೇ ಸಾಲಿದೆ. ಪ್ರಾಧ್ಯಾಪಕರನ್ನು ಕೇಳಿದರೆ, ತಮ್ಮಲ್ಲಿ ಪೋಸ್ಟ್‌ಡಾಕ್‌ಗಳಿಗೆ ಸಾಮಾನ್ಯವಾಗಿ ಜೆ-1 (ವಿನಿಮಯ ಭೇಟಿಯ ವೀಸಾ) ಕೊಡುತ್ತಾರೆ ಎಂದರು. ನನ್ನ ಹಿರಿಯ ಸಹೋದ್ಯೋಗಿಗಳಲ್ಲಿ ಕೆಲವರು, ಜೆ-1ರಲ್ಲಿ ಹೋದರೆ ಎರಡು ವರ್ಷ ಕಡ್ಡಾಯವಾಗಿ ಭಾರತಕ್ಕೆ ಮರಳಬೇಕಾಗುತ್ತದೆ, ಆದ್ದರಿಂದ ಉದ್ಯೋಗ ವೀಸಾ ಆದ ಎಚ್‌-1ಬಿಗೇ ಪಟ್ಟು ಹಿಡಿಯಬೇಕು ಎನ್ನುತ್ತಾರೆ.

ಮುಂದೆ ಬೋಧಕ ಹುದ್ದೆಗೆ ಪ್ರಯತ್ನಿಸುವ ಆಸೆಯಿದೆ. ಅದು ಅಲ್ಲಾದರೂ ಸರಿ, ಇಲ್ಲಾದರೂ ಸರಿ. ನನ್ನ ಪತಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ, ಅವರೂ ಜೊತೆಗೆ ಬರುತ್ತಾರೆ. ವಿಶ್ವವಿದ್ಯಾಲಯಗಳು ಈ ತೀರ್ಮಾನವನ್ನು ಯಾವ ಆಧಾರದ ಮೇಲೆ ಮಾಡುತ್ತವೆ? ಅಭ್ಯರ್ಥಿಯ ಮಾತಿಗೆ ಅಲ್ಲಿ ಬೆಲೆಯಿದೆಯೇ? ಸಹಿ ಹಾಕುವ ಮೊದಲು ಏನನ್ನು ಕೇಳಿ ತಿಳಿದುಕೊಳ್ಳಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ಹೇಮಾವತಿ

ಶಾಲ್ಮಲಾ ಅವರೇ, ಅಭಿನಂದನೆಗಳು. ಅಮೆರಿಕದ ವಿಶ್ವವಿದ್ಯಾಲಯವೊಂದರ ವಿದೇಶಿ ವಿದ್ವಾಂಸರ ಕಚೇರಿಯಲ್ಲಿ ಹಲವು ವರ್ಷ ಕೆಲಸ ಮಾಡಿದವಳಾಗಿ, ತೀರ್ಮಾನ ಹೇಗೆ ಆಗುತ್ತದೆ ಎಂಬುದನ್ನು ಒಳಗಿನಿಂದ ಹೇಳುತ್ತೇನೆ.

ನಿಮ್ಮನ್ನು ಆರಿಸುವವರು ಪ್ರಾಧ್ಯಾಪಕರು. ವೀಸಾ ಅರ್ಜಿಯ ಕಾನೂನಾತ್ಮಕ ಹೊಣೆ ಹೊರುವುದು ವಿಶ್ವವಿದ್ಯಾಲಯ. ಖರ್ಚು ಬೀಳುವುದು ಹೆಚ್ಚಿನ ಕಡೆ ವಿಭಾಗದ ಅಥವಾ ಆ ಪ್ರಯೋಗಾಲಯದ ಲೆಕ್ಕಕ್ಕೆ. ಈ ಮೂವರ ಅನುಕೂಲ ಎಲ್ಲಿ ಕೂಡುತ್ತದೆಯೋ ಅಲ್ಲಿ ವೀಸಾದ ವರ್ಗ ನಿರ್ಧಾರವಾಗುತ್ತದೆ. ಜೆ-1ರಲ್ಲಿ ವಿಶ್ವವಿದ್ಯಾಲಯವೇ ವಿದೇಶಾಂಗ ಇಲಾಖೆಯಿಂದ ಮಾನ್ಯತೆ ಪಡೆದ ಪ್ರಾಯೋಜಕ ಸಂಸ್ಥೆಯಾಗಿರುವುದರಿಂದ, ಡಿಎಸ್‌-2019 ಎಂಬ ಅರ್ಹತಾ ಪತ್ರವನ್ನು ತಮ್ಮ ಕಚೇರಿಯಲ್ಲೇ ಸಿದ್ಧಪಡಿಸಿ ಕಳುಹಿಸಬಹುದು. ವಲಸೆ ಇಲಾಖೆಯ ಮಂಜೂರಾತಿಗೆ ಕಾಯಬೇಕಾಗಿಲ್ಲ. 220 ಡಾಲರ್ ಸೆವಿಸ್ (ವಿನಿಮಯ ಭೇಟಿಗಾರರ ದಾಖಲಾತಿ ವ್ಯವಸ್ಥೆಯ) ಶುಲ್ಕವನ್ನೂ ವೀಸಾ ಶುಲ್ಕವನ್ನೂ ಹೆಚ್ಚಾಗಿ ಅಭ್ಯರ್ಥಿಯೇ ಕಟ್ಟುತ್ತಾರೆ. ಎಚ್‌-1ಬಿ ಹಾಗಲ್ಲ. ಮೊದಲು ಕಾರ್ಮಿಕ ಇಲಾಖೆಯಿಂದ ವೇತನದ ಷರತ್ತುಪತ್ರ ದೃಢೀಕರಣವಾಗಬೇಕು. ಆ ಹುದ್ದೆಯ ಸಂಬಳವನ್ನು ನಮೂದಿಸಿದ ಪ್ರಕಟಣೆಯನ್ನು ಕೆಲಸದ ಜಾಗದಲ್ಲಿ ಎರಡು ಕಡೆ ಹತ್ತು ದಿನ ಅಂಟಿಸಿರಬೇಕು. ಜೀವವಿಜ್ಞಾನ ವಿಭಾಗಗಳ ಕಾಫಿ ಕೋಣೆಯ ಗೋಡೆಯಲ್ಲಿ ಇಂಥ ಹಾಳೆಗಳನ್ನು ನೋಡಬಹುದು. ಅದಾದ ಮೇಲೆ ವಲಸೆ ಇಲಾಖೆಗೆ ಐ-129 ಅರ್ಜಿ, ಅದರ ಜೊತೆಗೆ ರಫ್ತು ನಿಯಂತ್ರಣದ ಘೋಷಣೆ (ನಿಯಂತ್ರಿತ ತಂತ್ರಜ್ಞಾನವನ್ನು ವಿದೇಶಿಯರಿಗೆ ತಿಳಿಸಲು ಪರವಾನಗಿ ಬೇಕೇ ಎಂಬುದರ ಬಗ್ಗೆ). ಬೆಂಕಿ ರೋಗದ ಶಿಲೀಂಧ್ರವೂ ಅಮೆರಿಕದ ರಫ್ತು ನಿಯಂತ್ರಣ ಪಟ್ಟಿಯಲ್ಲಿ ಇರುವುದರಿಂದ, ನಿಮ್ಮ ಪ್ರಾಧ್ಯಾಪಕರು ಆ ಘೋಷಣೆಗೆ ಕಚೇರಿ ಕೇಳುವ ವಿವರಗಳನ್ನು ತುಂಬಿಕೊಡದೆ ಕಡತ ಮುಂದೆ ಹೋಗುವುದಿಲ್ಲ. ಈ ಅರ್ಜಿಯ ಶುಲ್ಕವನ್ನೂ ವಕೀಲರ ಖರ್ಚನ್ನೂ ಉದ್ಯೋಗದಾತರೇ ಭರಿಸಬೇಕು.

ಕಂಪನಿಗಳ ಎಚ್‌-1ಬಿ ಲಾಟರಿಯ ಕಥೆ ನಿಮಗೆ ಗೊತ್ತಿರುತ್ತದೆ. ವರ್ಷಕ್ಕೆ 65,000, ಅಲ್ಲಿನ ಸ್ನಾತಕೋತ್ತರ ಪದವೀಧರರಿಗೆ ಇನ್ನೂ 20,000 ಎಂಬ ಆ ಮಿತಿ ವಿಶ್ವವಿದ್ಯಾಲಯಗಳಿಗೆ ಅನ್ವಯಿಸುವುದಿಲ್ಲ. 2000ನೇ ಇಸವಿಯ ಕಾಯ್ದೆ ಅವುಗಳಿಗೂ ಲಾಭರಹಿತ ಸಂಶೋಧನಾ ಸಂಸ್ಥೆಗಳಿಗೂ ವಿನಾಯಿತಿ ಕೊಟ್ಟಿದ್ದು, ವರ್ಷದ ಯಾವ ತಿಂಗಳಲ್ಲಾದರೂ ಅರ್ಜಿ ಹಾಕಬಹುದು. ಈ ಕಾರಣಕ್ಕೇ ಹಿಂದೆಲ್ಲ ನಾವು ಅಭ್ಯರ್ಥಿಗಳಿಗೆ, ವಿಭಾಗ ಒಪ್ಪಿದರೆ ಎಚ್‌-1ಬಿ ಕೇಳಿ ಎಂದು ಧೈರ್ಯವಾಗಿ ಹೇಳುತ್ತಿದ್ದೆವು.

2025ರ ಸೆಪ್ಟೆಂಬರ್ 19ರ ಅಧ್ಯಕ್ಷೀಯ ಘೋಷಣೆ ಈ ಲೆಕ್ಕವನ್ನು ಬುಡಮೇಲು ಮಾಡಿತು. ಸೆಪ್ಟೆಂಬರ್ 21ರ ನಂತರ, ಅಮೆರಿಕದ ಹೊರಗಿರುವ ವ್ಯಕ್ತಿಗಾಗಿ ಹಾಕುವ ಹೊಸ ಎಚ್‌-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕು. ಘೋಷಣೆಯ ಅವಧಿ ಹನ್ನೆರಡು ತಿಂಗಳು, ಅದನ್ನು ವಿಸ್ತರಿಸಲೂ ಅವಕಾಶವಿದೆ. ಲಾಟರಿಯಿಂದ ವಿನಾಯಿತಿ ಇರುವ ವಿಶ್ವವಿದ್ಯಾಲಯಗಳಿಗೆ ಇದರಿಂದ ವಿನಾಯಿತಿ ಸಿಗಲಿಲ್ಲ. ಅಮೆರಿಕದ ವಾಣಿಜ್ಯ ಮಂಡಳಿಯೂ ಪ್ರಮುಖ ಸಂಶೋಧನಾ ವಿಶ್ವವಿದ್ಯಾಲಯಗಳ ಒಕ್ಕೂಟವೂ ಸೇರಿ ಹೂಡಿದ ದಾವೆಯಲ್ಲಿ, ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ನ ಜಿಲ್ಲಾ ನ್ಯಾಯಾಲಯ ಸರ್ಕಾರದ ಪರವಾಗಿ ತೀರ್ಪು ಕೊಟ್ಟಿತು. ಒಬ್ಬ ಪೋಸ್ಟ್‌ಡಾಕ್‌ಗೆ ಒಂದು ವರ್ಷಕ್ಕೆ ಕೊಡುವ ಸಂಬಳಕ್ಕಿಂತ ಹೆಚ್ಚಿನ ಈ ಮೊತ್ತವನ್ನು ಯಾವ ಪ್ರಯೋಗಾಲಯವೂ ತನ್ನ ಅನುದಾನದಿಂದ ಕೊಡಲಾರದು. ಆದ್ದರಿಂದ ಬೆಂಗಳೂರಿನಲ್ಲಿ ಕುಳಿತಿರುವ ನಿಮಗೆ ಎಚ್‌-1ಬಿಗೆ ಪಟ್ಟು ಹಿಡಿಯಿರಿ ಎಂಬ ಸಲಹೆ ಈಗ ಉಪಯೋಗಕ್ಕೆ ಬರುವುದಿಲ್ಲ.

ಒಂದು ದಾರಿ ಮಾತ್ರ ತೆರೆದಿದೆ. ಅಕ್ಟೋಬರ್ 20ರಂದು ವಲಸೆ ಇಲಾಖೆ ಕೊಟ್ಟ ಸ್ಪಷ್ಟನೆಯ ಪ್ರಕಾರ, ಈಗಾಗಲೇ ಅಮೆರಿಕದೊಳಗೆ ಸಿಂಧುವಾದ ವೀಸಾ ಸ್ಥಿತಿಯಲ್ಲಿ ಇರುವವರು ಅಲ್ಲಿಂದಲೇ ಎಚ್‌-1ಬಿಗೆ ಬದಲಾದರೆ ಈ ಶುಲ್ಕ ಬೀಳುವುದಿಲ್ಲ. ಅಂದರೆ ಜೆ-1ರಲ್ಲಿ ಹೋಗಿ, ಬೋಧಕ ಹುದ್ದೆ ಸಿಕ್ಕಾಗ ಅಲ್ಲೇ ಬದಲಾಯಿಸಿಕೊಳ್ಳಬಹುದು. ಆದರೆ ಎರಡು ವರ್ಷ ಸ್ವದೇಶ ವಾಸದ ಷರತ್ತು ಇರುವವರಿಗೆ ಈ ಬದಲಾವಣೆ ಸಾಧ್ಯವಿಲ್ಲ. ಹಾಗಾಗಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ಜೆ-1 ಬೇಕೋ ಎಚ್‌-1ಬಿ ಬೇಕೋ ಎಂಬುದಲ್ಲ. ಈ ಜೆ-1ರ ಮೇಲೆ 212(ಇ), ಅಂದರೆ ಆ ಎರಡು ವರ್ಷ ಸ್ವದೇಶ ವಾಸದ ಷರತ್ತು ಬೀಳುತ್ತದೆಯೇ ಎಂಬುದು.

ನಿಮ್ಮ ಹಿರಿಯರ ಮಾತು ಅವರ ಕಾಲಕ್ಕೆ ಸರಿಯಾಗಿತ್ತು. ಆಗ ಅಮೆರಿಕದ ಕೌಶಲ ಪಟ್ಟಿಯಲ್ಲಿ ಭಾರತದ ಹೆಸರಿನ ಮುಂದೆ ಹಲವಾರು ವಿಷಯಗಳಿದ್ದು, ಆ ವಿಷಯದವರೆಲ್ಲ ಷರತ್ತಿಗೆ ಒಳಪಡುತ್ತಿದ್ದರು. 2024ರ ಡಿಸೆಂಬರ್ 9ರಿಂದ ಜಾರಿಗೆ ಬಂದ ಪರಿಷ್ಕೃತ ಪಟ್ಟಿಯಲ್ಲಿ ಭಾರತವೇ ಇಲ್ಲ. ಈಗ ನಿಮ್ಮಂಥವರಿಗೆ ಷರತ್ತು ಬೀಳುವುದು ಮುಖ್ಯವಾಗಿ ಸರ್ಕಾರಿ ಹಣದಿಂದ. ಭಾರತ ಸರ್ಕಾರದ ಅಥವಾ ಅಮೆರಿಕ ಸರ್ಕಾರದ ಹಣ ನಿಮ್ಮ ಈ ವಿನಿಮಯ ಭೇಟಿಗೆಂದೇ ಬಂದಿದ್ದರೆ. ಪ್ರಾಧ್ಯಾಪಕರ ಸಂಶೋಧನಾ ಅನುದಾನ ಸರ್ಕಾರದಿಂದ ಬಂದಿದ್ದರೂ, ಅದರಿಂದ ವಿಶ್ವವಿದ್ಯಾಲಯ ಕೊಡುವ ಸಂಬಳವನ್ನು ಸಾಮಾನ್ಯವಾಗಿ ವಿಶ್ವವಿದ್ಯಾಲಯದ ಹಣವೆಂದೇ ಡಿಎಸ್‌-2019ರಲ್ಲಿ ತೋರಿಸುತ್ತಾರೆ. ಕಚೇರಿಯವರು ಕರಡು ಕಳುಹಿಸಿದಾಗ ಹಣದ ಮೂಲದ ಆ ಕಲಮನ್ನು ಸಾಲು ಸಾಲಾಗಿ ಓದಿ, ಅನುಮಾನವಿದ್ದರೆ ಮುದ್ರಣಕ್ಕೆ ಮೊದಲೇ ಬರೆದು ಕೇಳಿ.

ಉತ್ತರ: ಮಲೆನಾಡಿಗ

ಹೇಮಾವತಿ ಮೇಡಂ ಹೇಳಿದ್ದಕ್ಕೆ ಬೋಧಕ ಹುದ್ದೆಯ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ. ನಾನು ಜೆ-1ರಲ್ಲಿ ಪೋಸ್ಟ್‌ಡಾಕ್ ಮುಗಿಸಿ, ಈಗ ಅಮೆರಿಕದಲ್ಲಿ ಸಹಾಯಕ ಪ್ರಾಧ್ಯಾಪಕನಾಗಿದ್ದೇನೆ.

ಜೆ-1 ಸಂಶೋಧಕರ ವರ್ಗದ ಗರಿಷ್ಠ ಅವಧಿ ಐದು ವರ್ಷ. ಇದರಲ್ಲಿರುವವರು ಟೆನ್ಯೂರ್ ಟ್ರ್ಯಾಕ್ (ಮುಂದೆ ಕಾಯಂ ಆಗಬಹುದಾದ) ಹುದ್ದೆಯ ಅಭ್ಯರ್ಥಿಯಾಗಿರಬಾರದು ಎಂದು ನಿಯಮವೇ ಇರುವುದರಿಂದ, ಕಾಯಂ ಬೋಧಕರಾಗಿ ಆಯ್ಕೆಯಾದವರಿಗೆ ವಿಶ್ವವಿದ್ಯಾಲಯ ಎಚ್‌-1ಬಿಯನ್ನೋ ಅಸಾಧಾರಣ ಸಾಧಕರ ವೀಸಾ ಆದ ಒ-1 ಅನ್ನೋ ಕೊಡಲೇಬೇಕಾಗುತ್ತದೆ. ಎಚ್‌-1ಬಿ ಮೂರು ಮೂರು ವರ್ಷದಂತೆ ಆರು ವರ್ಷ. ಆ ಆರು ವರ್ಷದೊಳಗೆ ಗ್ರೀನ್ ಕಾರ್ಡ್‌ನ ಐ-140 ಅರ್ಜಿ ಮಂಜೂರಾದರೆ, ಸರದಿ ಬರುವವರೆಗೂ ಮೂರು ಮೂರು ವರ್ಷ ಮುಂದುವರಿಸಬಹುದು. ಭಾರತದಲ್ಲಿ ಹುಟ್ಟಿದವರಿಗೆ ಇಬಿ-2 (ಉನ್ನತ ಪದವೀಧರರ ಗ್ರೀನ್ ಕಾರ್ಡ್ ವರ್ಗ) ಸರದಿ ಹತ್ತು ವರ್ಷವನ್ನೂ ಮೀರಿದೆ. ಅದಕ್ಕಿಂತ ಮೇಲಿನ ವರ್ಗವಾದ ಇಬಿ-1ರಲ್ಲೂ ಕಾಯಬೇಕು, ಆದರೆ ಅಷ್ಟಿಲ್ಲ. ಮೂರು ವರ್ಷದ ಬೋಧನೆ ಅಥವಾ ಸಂಶೋಧನೆಯ ಅನುಭವ, ಕಾಯಂ ಸ್ವರೂಪದ ಹುದ್ದೆ, ಆರು ಮಾನದಂಡಗಳಲ್ಲಿ ಕನಿಷ್ಠ ಎರಡು ಇದ್ದರೆ ಇಬಿ-1ಬಿ (ಶ್ರೇಷ್ಠ ಪ್ರಾಧ್ಯಾಪಕರ, ಸಂಶೋಧಕರ ಉಪವರ್ಗ) ಹಾಕಬಹುದು. ಪೋಸ್ಟ್‌ಡಾಕ್ ಹುದ್ದೆ ಅವಧಿಗೆ ಸೀಮಿತವಾದ್ದರಿಂದ ಬಹಳಷ್ಟು ವಿಶ್ವವಿದ್ಯಾಲಯಗಳು ಆ ಹಂತದಲ್ಲಿ ಗ್ರೀನ್ ಕಾರ್ಡ್‌ಗೆ ಕೈ ಹಾಕುವುದಿಲ್ಲ. ಅದನ್ನು ನಿರ್ಲಕ್ಷ್ಯ ಎಂದು ತಿಳಿಯಬೇಡಿ.

ಮುಂದೆ ಬೋಧಕ ಹುದ್ದೆಯ ಪತ್ರ ಕೈಗೆ ಬಂದಾಗ ನೆನಪಿಡಬೇಕಾದ ಗಡುವು ಒಂದಿದೆ. ಗ್ರೀನ್ ಕಾರ್ಡ್‌ಗೆ ಬೇಕಾದ ಕಾರ್ಮಿಕ ದೃಢೀಕರಣದಲ್ಲಿ, ತರಗತಿಯಲ್ಲಿ ಪಾಠ ಮಾಡುವ ಹುದ್ದೆಗಳಿಗೆ ಕಾರ್ಮಿಕ ಇಲಾಖೆ ವಿಶೇಷ ಪ್ರಕ್ರಿಯೆಯನ್ನು ಇಟ್ಟಿದೆ. ಬೇರೆ ಉದ್ಯೋಗಗಳಲ್ಲಿ ಕನಿಷ್ಠ ಅರ್ಹತೆಯಿರುವ ಅಮೆರಿಕನ್ ಒಬ್ಬರು ಸಿಕ್ಕರೂ ವಿದೇಶಿಯರ ಅರ್ಜಿ ನಿಲ್ಲುತ್ತದೆ. ಇಲ್ಲಿ ಮಾತ್ರ, ಸ್ಪರ್ಧಾತ್ಮಕ ಆಯ್ಕೆಯಲ್ಲಿ ನೀವೇ ಹೆಚ್ಚು ಅರ್ಹರು ಎಂದು ತೋರಿಸಿದರೆ ಸಾಕು. ಆದರೆ ಆಯ್ಕೆಯಾದ ದಿನದಿಂದ ಹದಿನೆಂಟು ತಿಂಗಳೊಳಗೆ ಅರ್ಜಿ ಸಲ್ಲಿಕೆಯಾಗಬೇಕು, ಹುದ್ದೆಯ ಜಾಹೀರಾತು ರಾಷ್ಟ್ರಮಟ್ಟದ ವೃತ್ತಿಪರ ಪತ್ರಿಕೆಯಲ್ಲಿ ಬಂದಿರಬೇಕು, ಜಾಲತಾಣದಲ್ಲಾದರೆ ಮೂವತ್ತು ದಿನ ಇದ್ದದ್ದಕ್ಕೆ ಪುರಾವೆ ಇರಬೇಕು. ಆಯ್ಕೆ ಸಮಿತಿ ಚದುರಿಹೋದ ಮೇಲೆ ಆ ಪುರಾವೆಯನ್ನು ಹುಡುಕುವುದು ಕಷ್ಟ. ನಾನು ಸೇರಿದ ಮೊದಲ ವಾರವೇ ವಿಭಾಗದ ಕಚೇರಿಗೆ ಹೋಗಿ, ಜಾಹೀರಾತಿನ ಮೊದಲ ದಿನದ ಮತ್ತು ಕೊನೆಯ ದಿನದ ಪುಟಗಳ ಮುದ್ರಿತ ಪ್ರತಿ ಕಡತದಲ್ಲಿದೆಯೇ ಎಂದು ನೋಡಿಕೊಂಡಿದ್ದೆ. ಈ ಕೆಲಸವನ್ನು ಬೇರೆ ಯಾರೂ ನಿಮಗಾಗಿ ಮಾಡುವುದಿಲ್ಲ.

ಹುದ್ದೆ ಯಾವ ರಾಜ್ಯದಲ್ಲಿದೆ ಎಂಬುದೂ ಈಗ ಮುಖ್ಯ. 2026ರ ಜನವರಿಯಲ್ಲಿ ಟೆಕ್ಸಾಸ್ ಗವರ್ನರ್ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳ ಹೊಸ ಎಚ್‌-1ಬಿ ಅರ್ಜಿಗಳಿಗೆ 2027ರ ಮೇ 31ರವರೆಗೆ ತಡೆ ಹಾಕಿದರು. ಫ್ಲೋರಿಡಾದಲ್ಲೂ ಇಂಥದ್ದೇ ಪ್ರಯತ್ನ ನಡೆದಿದೆ. ವಿದೇಶಿ ಅಧ್ಯಾಪಕರಿಂದಲೇ ಹಲವು ಸ್ನಾತಕೋತ್ತರ ಕೋರ್ಸ್‌ಗಳು ನಡೆಯುತ್ತಿರುವ ಕಡೆ ಇಂಥ ತಡೆ ವಿದ್ಯಾರ್ಥಿಗಳಿಗೇ ಮಾಡುವ ಅನ್ಯಾಯ ಎಂಬುದು ನನ್ನ ದೃಢ ಅಭಿಪ್ರಾಯ.

ಉತ್ತರ: ಬಯಲುಸೀಮೆ

ನಾನು ಫುಲ್‌ಬ್ರೈಟ್-ನೆಹರು ವಿದ್ಯಾರ್ಥಿವೇತನದಲ್ಲಿ ಹೋಗಿ ಮರಳಿದವನು, ಈಗ ಧಾರವಾಡದಲ್ಲಿ ಪಾಠ ಮಾಡುತ್ತಿದ್ದೇನೆ. ನನ್ನದು ಸರ್ಕಾರಿ ಹಣದ ಭೇಟಿಯಾದ್ದರಿಂದ ಎರಡು ವರ್ಷದ ಷರತ್ತು ಇತ್ತು. ಅದನ್ನು ತಿಳಿದೇ ಹೋಗಿದ್ದೆ, ಪೂರೈಸಿದ್ದೇನೆ. ಷರತ್ತಿಗೆ ಒಳಪಟ್ಟವರು ಅಮೆರಿಕಕ್ಕೆ ಮತ್ತೆ ಕಾಲಿಡುವಂತೆಯೇ ಇಲ್ಲ ಎಂಬ ಭಯ ಅನೇಕರಲ್ಲಿದೆ, ಅದು ನಿಜವಲ್ಲ. ಎರಡು ವರ್ಷ ಪೂರೈಸುವವರೆಗೆ ಎಚ್ ಮತ್ತು ಎಲ್ ವೀಸಾ ಹಾಗೂ ಗ್ರೀನ್ ಕಾರ್ಡ್ ಸಿಗುವುದಿಲ್ಲ, ಅಷ್ಟೆ. ಸಮ್ಮೇಳನಕ್ಕೆ ಹೋಗಿ ಬರಲು ತೊಂದರೆಯಿಲ್ಲ. ಆ ಎರಡು ವರ್ಷ ಸತತವಾಗಿ ಇರಬೇಕೆಂದೂ ಇಲ್ಲ, ಒಟ್ಟುಗೂಡಿಸಿ ಲೆಕ್ಕ ಹಾಕುತ್ತಾರೆ.

ಶಾಲ್ಮಲಾ ಅವರು ಮಾಡಬೇಕಾದ ಒಂದು ಕೆಲಸ: ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ ಅದರ ಮೇಲೆ 212(ಇ) ಅನ್ವಯಿಸುತ್ತದೆ ಎಂದು ಬರೆದಿದೆಯೋ ಅನ್ವಯಿಸುವುದಿಲ್ಲ ಎಂದಿದೆಯೋ ನೋಡಿ. ಡಿಎಸ್‌-2019ರ ಕೆಳಗಿನ ಎಡಭಾಗದಲ್ಲೂ ಇದೇ ಗುರುತು ಇರುತ್ತದೆ. ಕಾನ್ಸುಲೇಟ್ ಅಧಿಕಾರಿಯ ಗುರುತು ಅಂತಿಮವಲ್ಲ; ತಪ್ಪಾಗಿದ್ದರೆ ಅಮೆರಿಕದ ವಿದೇಶಾಂಗ ಇಲಾಖೆಯಿಂದ ಲಿಖಿತ ಅಭಿಪ್ರಾಯ ಕೇಳಲು ಅವಕಾಶವಿದೆ. ಷರತ್ತು ನಿಜವಾಗಿಯೂ ಬಿದ್ದಿದ್ದರೆ ವಿನಾಯಿತಿಗೆ ಭಾರತದಿಂದ ನೋರಿ (ಭಾರತಕ್ಕೆ ಮರಳುವ ಬಾಧ್ಯತೆ ಇಲ್ಲ ಎಂಬ) ಪ್ರಮಾಣಪತ್ರ ಬೇಕಾಗುತ್ತದೆ. ಅದಕ್ಕಾಗಿ ರಾಜ್ಯದ ಮತ್ತು ಕೇಂದ್ರದ ಹಲವು ಇಲಾಖೆಗಳ ನಿರಾಕ್ಷೇಪಣೆ ಪಡೆಯಬೇಕಾಗುವುದರಿಂದ ತಿಂಗಳುಗಟ್ಟಲೆ ಅಲೆದಾಟವಿರುತ್ತದೆ.

ತೆರಿಗೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 22ನೇ ವಿಧಿಯಂತೆ ಬೋಧನೆ ಅಥವಾ ಸಂಶೋಧನೆಗೆ ಹೋದವರ ಸಂಬಳಕ್ಕೆ ಎರಡು ವರ್ಷದವರೆಗೆ ಅಮೆರಿಕದ ಒಕ್ಕೂಟ ಆದಾಯ ತೆರಿಗೆಯಿಂದ ವಿನಾಯಿತಿ ಇದೆ. ಇದು ತಾನಾಗಿಯೇ ಸಿಗುವುದಿಲ್ಲ; ಸೇರಿದ ವಾರವೇ ಸಂಬಳ ವಿಭಾಗಕ್ಕೆ ಹೋಗಿ ಅರ್ಜಿ ತುಂಬಬೇಕು.

ಶಾಲ್ಮಲಾ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಂತರರಾಷ್ಟ್ರೀಯ ಕಚೇರಿಗೆ ಬರೆದು ಕೇಳಿದೆ. ಜೆ-1 ಸಂಶೋಧಕರ ವರ್ಗದಲ್ಲೇ ಕಳುಹಿಸುತ್ತೇವೆ, ಹಣದ ಮೂಲ ವಿಶ್ವವಿದ್ಯಾಲಯ ಎಂದೇ ನಮೂದಾಗುತ್ತದೆ, ಹಾಗಾಗಿ ತಮ್ಮ ಕಡೆಯಿಂದ 212(ಇ) ಕಾಣುತ್ತಿಲ್ಲ ಎಂದು ಉತ್ತರ ಬಂದಿದೆ. ಇನ್ನು ಎರಡು ಸಂದೇಹ. ನನ್ನ ಪತಿ ಅಲ್ಲಿ ಕೆಲಸ ಮಾಡಬಹುದೇ? ಸಂದರ್ಶನಕ್ಕೆ ಚೆನ್ನೈಗೇ ಹೋಗಬೇಕೇ?

ಉತ್ತರ: ಹೇಮಾವತಿ

ಆ ಇಮೇಲ್ ಅನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಜೆ-2ರಲ್ಲಿ ಬರುವ ಸಂಗಾತಿ ಅಲ್ಲಿಗೆ ತಲುಪಿದ ನಂತರ ಉದ್ಯೋಗ ಪರವಾನಗಿಗೆ ಅರ್ಜಿ ಹಾಕಬಹುದು. ಅದು ಕೈಗೆ ಬರಲು ಕೆಲವು ತಿಂಗಳು ಬೇಕಾಗುವುದರಿಂದ, ಮನೆ ಬಾಡಿಗೆಯ ಲೆಕ್ಕವನ್ನು ನಿಮ್ಮೊಬ್ಬರ ಸಂಬಳದ ಮೇಲೆ ಹಾಕಿಕೊಳ್ಳಿ. ಮುಂದೆ ನೀವು ಎಚ್‌-1ಬಿಗೆ ಬದಲಾದರೆ ಅವರು ಎಚ್‌-4 ಆಗುತ್ತಾರೆ, ಆಗ ನಿಮ್ಮ ಐ-140 ಮಂಜೂರಾಗುವವರೆಗೆ ಅವರು ಕೆಲಸ ಮಾಡುವಂತಿಲ್ಲ. ಎಚ್‌-1ಬಿಗೇ ಮೊದಲು ಹೋಗಬೇಕೆನ್ನುವವರು ಮನೆಯವರ ದುಡಿಮೆಯ ಈ ಭಾಗವನ್ನು ಗಮನಿಸುವುದೇ ಇಲ್ಲ.

ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತಾದರೂ ವೀಸಾ ಸೇವೆ ಅದರೊಂದಿಗೆ ಆರಂಭವಾಗಲಿಲ್ಲ. ಚೆನ್ನೈ ಅಥವಾ ಹೈದರಾಬಾದ್‌ಗೆ ಹೋಗುವ ಸಿದ್ಧತೆಯಲ್ಲಿರಿ. 2025ರ ಜೂನ್‌ನಿಂದ ಜೆ ವೀಸಾ ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ನಿಮ್ಮ ವಿಷಯ ಸಸ್ಯರೋಗಕಾರಕವಾದ್ದರಿಂದ ಸಂದರ್ಶನದ ಬಳಿಕ 221(ಜಿ) ಚೀಟಿ ಕೊಟ್ಟು ಹೆಚ್ಚಿನ ಪರಿಶೀಲನೆಗೆ ಕಡತವನ್ನು ಇಟ್ಟುಕೊಳ್ಳುವ ಸಾಧ್ಯತೆ ಇದೆ. ಪೂರ್ಣ ಬಯೋಡೇಟಾ, ಪ್ರಕಟಣೆಗಳ ಪಟ್ಟಿ, ಅಲ್ಲಿ ಮಾಡಲಿರುವ ಸಂಶೋಧನೆಯನ್ನು ಸರಳವಾಗಿ ವಿವರಿಸುವ ಪ್ರಾಧ್ಯಾಪಕರ ಒಂದು ಪುಟದ ಪತ್ರ, ಇವು ಮೂರನ್ನೂ ಮೊದಲೇ ಸಿದ್ಧವಿಟ್ಟುಕೊಳ್ಳಿ. ತಡವಾದರೆ ಡಿಎಸ್‌-2019ರಲ್ಲಿರುವ ಆರಂಭದ ದಿನ ದಾಟುವ ಮೊದಲೇ ಕಚೇರಿಗೆ ಬರೆದು ಹೊಸ ದಿನಾಂಕ ಕೇಳಿ. ಅವರು ಅದನ್ನು ಬದಲಿಸಿ ಕೊಡುತ್ತಾರೆ.