ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದೂರವೆಷ್ಟು, ಹಾರಾಟ ಎಷ್ಟು ತಾಸು?

ಪ್ರಶ್ನೆ (ರಾಯಚೂರು)

ಎಲ್ಲರಿಗೂ ನಮಸ್ಕಾರ. ಬರುವ ಜನವರಿಯಲ್ಲಿ ನಮ್ಮ ತಾಯಿಯವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ನನ್ನ ತಮ್ಮನ ಮನೆಗೆ ಹೋಗಬೇಕಾಗಿದೆ. ನಾನು ನೋಡಿದ ಒಂದು ವೇಳಾಪಟ್ಟಿಯಲ್ಲಿ ನೇರ ವಿಮಾನವು ಬೆಂಗಳೂರನ್ನು ಮಧ್ಯಾಹ್ನ 2ಕ್ಕೆ ಬಿಟ್ಟು ಅದೇ ದಿನ ಸಂಜೆ 4.30ಕ್ಕೆ ಅಲ್ಲಿಗೆ ತಲುಪುತ್ತದೆ ಎಂದಿದೆ. ಬರುವಾಗಲಾದರೋ ಶುಕ್ರವಾರ ರಾತ್ರಿ ಹತ್ತಿದವರು ಭಾನುವಾರ ನಸುಕಿನಲ್ಲಿ ಇಳಿಯುತ್ತಾರೆ. ತಾಯಿಯವರಿಗೆ ಮೊಣಕಾಲು ನೋವಿದೆ. ಅವರು ನಿಜವಾಗಿ ಎಷ್ಟು ತಾಸು ಕುಳಿತಿರಬೇಕಾಗುತ್ತದೆ? ನಮಗೆ ಹೈದರಾಬಾದೇ ಹತ್ತಿರವಾಗಿರುವುದರಿಂದ ಅಲ್ಲಿಂದ ಹೊರಡುವುದು ಒಳ್ಳೆಯದೇ?

ಉತ್ತರ 1 (ಬಳ್ಳಾರಿ)

ವೇಳಾಪಟ್ಟಿಯಲ್ಲಿ ಹೊರಡುವ ವೇಳೆ ನಮ್ಮದು, ತಲುಪುವ ವೇಳೆ ಅಲ್ಲಿಯದು. ಚಳಿಗಾಲದಲ್ಲಿ ಅವರ ಗಡಿಯಾರ ನಮಗಿಂತ ಹದಿಮೂರೂವರೆ ತಾಸು ಹಿಂದಿರುತ್ತದೆ. ಆದ್ದರಿಂದ ನೀವು ಹೇಳಿದ ಎರಡೂವರೆ ತಾಸಿಗೆ ಅದನ್ನು ಕೂಡಿಸಿದರೆ ಹಾರಾಟ 16 ತಾಸಾಗುತ್ತದೆ.

ಎರಡೂ ನಿಲ್ದಾಣಗಳ ನಡುವಿನ ಅತಿ ಕಡಿಮೆ ದೂರ ಸುಮಾರು 14,000 ಕಿ.ಮೀ. ಗೋಡೆಯ ನಕಾಶೆಯಲ್ಲಿ ಗೆರೆ ಎಳೆದು ಅಳೆದರೆ ಈ ಲೆಕ್ಕ ಸಿಗುವುದಿಲ್ಲ. ಭೂಮಧ್ಯರೇಖೆಯಲ್ಲಿ ಒಂದು ರೇಖಾಂಶದಿಂದ ಮುಂದಿನದಕ್ಕೆ 111 ಕಿ.ಮೀ. ಇದ್ದರೆ 60 ಡಿಗ್ರಿ ಅಕ್ಷಾಂಶದಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ; ಹೀಗಾಗಿ ಉತ್ತರಕ್ಕೆ ಏರಿ ಧ್ರುವದ ಕಡೆಯಿಂದ ಇಳಿಯುವ ದಾರಿಯೇ ಹತ್ತಿರದ್ದು. ಶಾಲೆಯ ಗೋಳದ ಮೇಲೆ ದಾರವನ್ನು ಬಿಗಿಯಾಗಿ ಹಿಡಿದು ನೋಡಿದರೆ ತಾಯಿಯವರಿಗೂ ಇದು ಸ್ಪಷ್ಟವಾಗುತ್ತದೆ.

ಆದರೂ ಪೈಲಟ್‌ಗಳು ಯಾವಾಗಲೂ ಅದೇ ಗೆರೆಯಲ್ಲಿ ಹೋಗುವುದಿಲ್ಲ. ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹ ಚಳಿಗಾಲದಲ್ಲಿ ಬಹಳ ಬಿರುಸಾಗಿರುತ್ತದೆ. ಹೋಗುವಾಗ ಪೆಸಿಫಿಕ್ ಸಾಗರದ ಮೇಲೆ ಅದನ್ನು ಬೆನ್ನಿಗೆ ಪಡೆದರೆ ದಾರಿ ಉದ್ದವಾದರೂ ವೇಳೆ ಉಳಿಯುತ್ತದೆ. ಬರುವಾಗ ಅದೇ ಎದುರುಗಾಳಿ. ಅದನ್ನು ತಪ್ಪಿಸುವಂತೆ ದಾರಿ ಹಾಕಿದರೂ 17 ತಾಸು ಮೀರುವುದುಂಟು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾದ ಬೋಯಿಂಗ್ 777 ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾಯಿಸಿಕೊಂಡು ಬೆಂಗಳೂರಿಗೆ ತಂದದ್ದು ಇದೇ ಮಾರ್ಗದಲ್ಲಿ. ನಮ್ಮ ಹೆಣ್ಣುಮಕ್ಕಳಿಗೆ ಈ ಸಂಗತಿಯನ್ನು ಹೇಳಲೇಬೇಕು.

ಉತ್ತರ 2 (ಕೊಪ್ಪಳ)

ಹೈದರಾಬಾದಿನ ವಿಷಯ ಹೇಳುತ್ತೇನೆ. ಅಲ್ಲಿಂದ ದುಬೈ ಸುಮಾರು 2,550 ಕಿ.ಮೀ., ದುಬೈನಿಂದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 13,000 ಕಿ.ಮೀ. ಹಾರಾಟವೇ ಇಪ್ಪತ್ತು ತಾಸಿನಷ್ಟಾಗುತ್ತದೆ, ನಡುವೆ ಕಾಯುವುದು ಬೇರೆ. ಎರಡನೆಯ ಹಾರಾಟವೊಂದೇ ಸುಮಾರು 16 ತಾಸು ಇರುವುದರಿಂದ ಇಳಿದು ಹತ್ತಿದರೂ ಮೊಣಕಾಲಿಗೆ ಹೆಚ್ಚಿನ ಬಿಡುವು ಸಿಗುವುದಿಲ್ಲ. ರಾಯಚೂರಿನಿಂದ ರಾತ್ರಿ ರೈಲಿನಲ್ಲಿ ಮಲಗಿ ಬೆಂಗಳೂರಿಗೆ ಹೋಗಿ, ಒಂದು ದಿನ ವಿಶ್ರಾಂತಿ ಪಡೆದು ನೇರ ವಿಮಾನ ಹತ್ತುವುದೇ ಮೇಲು ಎಂದು ನನ್ನ ಅಭಿಪ್ರಾಯ. ಟಿಕೆಟ್ ಮಾಡಿಸುವಾಗಲೇ ಗಾಲಿಕುರ್ಚಿ ಮತ್ತು ನಡುದಾರಿಯ ಪಕ್ಕದ ಸೀಟು ಕೇಳಿರಿ. ಆಗಾಗ ಎದ್ದು ನಡೆಯಲು ಅನುಕೂಲವಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ತಾಯಿಯವರು ಏಪ್ರಿಲ್‌ನಲ್ಲಿ ಮರಳಿದರೆ ಈ ಲೆಕ್ಕ ಬದಲಾಗುತ್ತದೆಯೇ?

ಉತ್ತರ 1 (ಬಳ್ಳಾರಿ)

ಬದಲಾಗುತ್ತದೆ. ಮಾರ್ಚ್ ತಿಂಗಳ ಎರಡನೆಯ ಭಾನುವಾರ ಅಲ್ಲಿಯ ಗಡಿಯಾರಗಳನ್ನು ಒಂದು ತಾಸು ಮುಂದೆ ಇಡುವುದರಿಂದ ಅಂತರ ಹನ್ನೆರಡೂವರೆ ತಾಸಿಗೆ ಇಳಿಯುತ್ತದೆ. ಹಾರಾಟದ ಅವಧಿಯನ್ನು ಮಾತ್ರ ಆ ದಿನದ ಗಾಳಿಯೇ ತೀರ್ಮಾನಿಸುತ್ತದೆ.